ಬಾವಿಕಟ್ಟಿಯ ಮೇಲೆ ಅಂದ ಮಾತು

ಮಗಳ ಬೆನ್ನ ಮೇಲೆ ಬೆರಳುಗಳು ಕೆಂಪಗೆ ಮೂಡಿದ ಮೇಲೆಯೇ ಶರಣಬಸಮ್ಮನಿಗೆ ತಾನು ಹೊಡೆದದ್ದು ತಿಳಿದದ್ದು. ಗೌರಿ ಅಳಲೂ ಇಲ್ಲ, ಬೆರಗಾಗಿ ತಾಯಿಯ ಕೈಯನ್ನೇ ನೋಡುತ್ತ ಕುಂತಿತು. ನಾಲ್ಕು ವರ್ಷದ ಕೂಸು, ಅರಿವೆಯ ಬೊಂಬೆಗೆ ಎಣ್ಣೆ ಹಚ್ಚುವ ಆಟ ಆಡುತ್ತಿತ್ತು. ಬಾಯಲ್ಲಿ ಆ ಹಾಡು. 'ಬಾವಿಕಟ್ಟಿ ಮ್ಯಾಲ ನಾಯಿ ಅಂದಿ, ನಾಯಿ ಆದ್ರೂ ಬಾಗಿಲ ಬಿಡಲಿಲ್ಲ.' ಬೊಂಬೆಯ ಗದ್ದ ಹಿಡಿದು, ಕತ್ತು ವಾರೆ ಮಾಡಿ, ಕೊನೆಯ ಪದವನ್ನು ಎಳೆದು ನಡುಗಿಸಿತ್ತು, ಥೇಟ್ ಅವರಪ್ಪನ ಹಾಗೆ. ಅವರಪ್ಪ ರೇವಣಸಿದ್ದಯ್ಯ ಶಹಾಬಾದ ಸ್ಟೇಷನ್ನಿನ ಮಾಲು ಗುಮಾಸ್ತ. ದಿನಾ ಬೆಳಿಗ್ಗೆ ಅಂಗಳದ ಗೂಟಕ್ಕೆ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುವಾಗ ಅವನ ಬಾಯಲ್ಲೂ ಅದೇ. ಹಾಡುತ್ತ ಹಾಡುತ್ತ ಕಣ್ಣಲ್ಲಿ ನೀರು ಬರುತ್ತಿತ್ತು, ಕೆನ್ನೆಯ ಸಾಬೂನಿನ ನೊರೆಯಲ್ಲಿ ಇಳಿದು ಗೆರೆ ಎಳೆಯುತ್ತಿತ್ತು. ಕಲ್ಲಿನ ವ್ಯಾಗನ್ನಿನ ಕೆಳಗೆ ಹಮಾಲನೊಬ್ಬನ ಕಾಲು ಹೋದಾಗ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ ಯಾರೋ ಕಾಣದವನ ಪ್ರೀತಿ ಕೆಟ್ಟಿತೆಂದು ಕನ್ನಡಿಯ ಮುಂದೆ ನಿಂತು ಅಳುತ್ತಿದ್ದ. "ಪಾಪ, ಹುಚ್ಚ ಮಾಡಿಬಿಟ್ಟಾಳ ನೋಡು ಆ ಹೆಣ್ಣು" ಎಂದು ಕತ್ತಿ ಒರೆಸಿಕೊಳ್ಳುತ್ತಿದ್ದ.

"ಕೂಸಿಗ್ಯಾಕ ಹೊಡದಿ?" ಈಗಲೂ ಕತ್ತಿ ಕೈಯಲ್ಲೇ ಇತ್ತು, ಅರ್ಧ ಮುಖ ನೊರೆ. "ಹಾಡಿದ್ರ ಏನಾತು? ಊರೆಲ್ಲ ಹಾಡಲಿಕತ್ತದ."

"ಅದು ನನ್ನ ಮ್ಯಾಲ ಕಟ್ಟಿದ ಹಾಡು" ಅಂದಳು ಶರಣಬಸಮ್ಮ.

ಹೇಳಬಾರದೆಂದು ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದದ್ದು ಹಾಲು ಉಕ್ಕಿದ ಹಾಗೆ ಹೊರಬಿದ್ದಿತು. ಅವನು ಕನ್ನಡಿಯ ಕಡೆ ತಿರುಗಿದ. ಉಳಿದ ಅರ್ಧ ಗಡ್ಡ ಹೆರೆದುಕೊಂಡ, ಅಂಗಿ ತೊಟ್ಟ, ಟೊಪ್ಪಿಗೆ ಇಟ್ಟುಕೊಂಡು ಮಾಲುಕಚೇರಿಗೆ ಹೋದ.

ಹಿಟ್ಟು ನಾದುತ್ತ ಕುಂತಳು. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ, ಮನಸ್ಸು ಮಾತ್ರ ವಾಡಿ ಜಂಕ್ಷನ್ನಿನ ಚಹಾದ ಹೋಟೆಲಿನ ಮುಂದೆ ಹೋಗಿ ನಿಂತಿತು. ಆ ಹಾಡನ್ನು ಅವಳು ಮೊದಲು ಕೇಳಿದ್ದು ಅಲ್ಲೇ, ಮದುವೆಯ ಮರುವರ್ಷ. ನಿಜಾಮರ ರೈಲಿನಿಂದ ಇಳಿದವರು ದೊಡ್ಡ ಕಂಪನಿಯ ರೈಲಿಗೆ ಕಾಯುವ ಊರು ಅದು. ಕಾಯುವವರಿಗೆ ಮಾಡಲು ಕೆಲಸವಿಲ್ಲ. ಹೋಟೆಲಿನವನು ಗ್ರಾಮಫೋನಿನ ತುತ್ತೂರಿಯನ್ನು ಪ್ಲಾಟ್‌ಫಾರ್ಮಿನ ಕಡೆ ತಿರುಗಿಸಿ ಇಟ್ಟಿದ್ದ. 'ಕಾಗಿಣಾ ನೀರಿಗೆ ಕಲ್ಲೂ ಸವದಾವ, ನನ್ನ ಕಣ್ಣೀರಿಗೆ ನೀ ಸವೀಲಿಲ್ಲ.' ದನಿ ಗುರುತು ಹತ್ತಿತ್ತು. ತನ್ನ ತವರೂರು ಕಾಳಗಿಯ ಗುರುಪಾದಯ್ಯ, ನಾಟಕದ ಕಂಪನಿ ಸೇರಿ ಊರು ಬಿಟ್ಟವನು. ಒಳ್ಳೆಯ ದನಿ, ಪಾಪ, ಎಂದುಕೊಂಡಳು. ಆಮೇಲೆ ಬಾವಿಕಟ್ಟಿ ಬಂತು, ನಾಯಿ ಬಂತು, ಕಡೆಗೆ 'ರೈಲಿನ ಗಡಿಯಾರದವನ ಸರಪಳಿಗೆ ಸೋತು ಹೋದಿ' ಅನ್ನುವುದು ಬಂತು. ಕೈಯೊಳಗಿನ ಚಹಾದ ಬಶಿ ತಣ್ಣಗಾಯಿತು. ಸುತ್ತ ಮುತ್ತ ನೋಡಿದಳು. ಗಂಟಿನ ಮೇಲೆ ಕುಂತ ವ್ಯಾಪಾರಿಗಳು, ಶಾನುಭೋಗರು, ಕೊರಳಲ್ಲಿ ಸೀಟಿ ಕಟ್ಟಿಕೊಂಡ ಗಾರ್ಡು ಸಹಿತ ತಲೆ ಅಲ್ಲಾಡಿಸುತ್ತಿದ್ದರು. ಯಾವ ಹೆಣ್ಣೂ ಒಲ್ಲೆ ಅನ್ನುವಷ್ಟು ಹತ್ತಿರಕ್ಕೆ ಸುಳಿಯದಂಥ ಗಂಡಸರು! ಒಬ್ಬೊಬ್ಬನಿಗೂ ತನ್ನನ್ನು ಒಲ್ಲೆ ಅಂದವಳು ನೆನಪಿಗೆ ಬಂದಿದ್ದಳು. ಅಂಥವಳು ಇಲ್ಲದವನಿಗೆ ಇದ್ದಳೆಂದು ಅನಿಸಿತ್ತು. ಅಲ್ಲಿಂದ ಹಾಡು ಭಂಕೂರದ ಕಲ್ಲು ಖಣಿಗೆ ಇಳಿಯಿತು, ಚಿತ್ತಾಪುರದ ಸಂತೆಗೆ ಹೋಯಿತು, ಸೇಡಂ ದಾಟಿ ಸುಲೇಪೇಟದಲ್ಲಿ ಮದುವೆಯ ಮನೆಯಲ್ಲೂ ಹಾಡಿದರಂತೆ. ಮದುವೆಯಲ್ಲಿ! ಬುದ್ಧಿ ಇದ್ದವರು ಯಾರೂ ಉಳಿದಿಲ್ಲವೇನೋ ಈ ಸೀಮೆಯಲ್ಲಿ.

ರೊಟ್ಟಿ ಹೊತ್ತಿತು. ತಿರುವಿ ಹಾಕಿದಳು. ಕಾಳಗಿಯ ಬಾವಿಯಲ್ಲಿ ಬೇಸಿಗೆಗೆ ನೀರು ಆಳಕ್ಕೆ ಹೋಗುತ್ತಿತ್ತು, ಹಗ್ಗ ಎಳೆದೆಳೆದು ಅಂಗೈ ಸುಲಿಯುತ್ತಿತ್ತು. ಅವತ್ತು ಎರಡನೆಯ ಕೊಡ ತುಂಬಿಸುವಾಗ ಗುರುಪಾದಯ್ಯ ಬಂದು ನಿಂತ. ಅವನ ಅತ್ತೆ ಭಾಗಮ್ಮ ಅದಾಗಲೇ ಒಮ್ಮೆ ಬಂದು ಹೆಣ್ಣು ಕೇಳಿ ಹೋಗಿದ್ದಳು. ಇವಳ ಅಪ್ಪ ಮಡಿವಾಳಯ್ಯ, ಮಠದ ಸಾಲಿಯಲ್ಲಿ ಹುಡುಗರಿಗೆ ಅಕ್ಷರ ಹೇಳುವ ಬಡ ಜಂಗಮ, "ಹುಡುಗಿ ಮನಸ್ಸು ಕೇಳಿ ಹೇಳತೀನಿ" ಅಂದಿದ್ದ. ಆ ಕಾಲದಲ್ಲಿ ಯಾವ ಅಪ್ಪ ಹಾಗೆ ಅನ್ನುತ್ತಾನೆ? ಅಪ್ಪ ಅಂದಿದ್ದ. ಗುರುಪಾದಯ್ಯನಿಗೆ ಕಾಯುವ ತಾಳ್ಮೆ ಇರಲಿಲ್ಲ. ನೀನಿಲ್ಲದೆ ಅನ್ನ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ ಎಂದು ಶುರು ಮಾಡಿದ. ಅವಳ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ತುಂಬಿದ ಕೊಡ. ಪೂರಾ ಹೇಳಿ ಮುಗಿಸುವ ತನಕ ಅದನ್ನು ಹಾಗೇ ಹಿಡಿದು ನಿಂತಳು, ನಡುವೆ ಎಳೆದರೆ ಅವನಿಗೆ ಅವಮಾನವಾದೀತೆಂದು. ಆಮೇಲೆ ಹೇಳಿದಳು: "ನನಗ ಮನಸ್ಸಿಲ್ಲರಿ. ತಪ್ಪ ತಿಳೀಬ್ಯಾಡ್ರಿ." ಅಷ್ಟೇ. ಅವನು ಹೂಂ ಅಂದ, ಬೊಗಸೆ ಒಡ್ಡಿದ, ಅವಳು ನೀರು ಹಾಕಿದಳು, ಕುಡಿದು ಬಾಯಿ ಒರೆಸಿಕೊಂಡು ಹೋದ. ಇಷ್ಟಕ್ಕೆ ಸೀಮೆಯ ತುಂಬ ಜನ ಅಳುತ್ತಿದ್ದಾರೆ.

ಮಧ್ಯಾಹ್ನ ಪಕ್ಕದ ಮನೆಯ ಮಾಶಾಬಿ ಬಂದಳು. ರೈಲಿನ ಹಳಿ ಬದಲಿಸುವ ಪಾಯಿಂಟ್ಸಮನ್ ಅಬ್ದುಲ್ ಗನಿಯ ಹೆಂಡತಿ. ನಡುಗೋಡೆ ಮೋಟು, ಆ ಮನೆಯ ಮಾತು ಈ ಮನೆಗೆ ಕೇಳುತ್ತದೆ. "ಯಾಕ ಶರಣಮ್ಮಾ, ಮಾರಿ ಹಿಂಗ ಇಳಿದದ?" ಅಂದಳು. ಶರಣಬಸಮ್ಮ ಗೌರಿಯ ಬೆನ್ನಿಗೆ ಕೊಬ್ಬರಿಎಣ್ಣೆ ಹಚ್ಚುತ್ತಿದ್ದಳು. ಸಂಜೆಗೆ ಗಂಡ ಬಂದು ಏನು ಮಾಡಬಹುದೆಂದು ಎಣಿಸುತ್ತಿದ್ದಳು: ಹೊಡೆದಾನು. ಕಾಳಗಿಗೆ ಕಳಿಸಿಯಾನು. ಕಾಳಗಿಯಲ್ಲಿ ಈಗ ಅಪ್ಪ ಇಲ್ಲ, ಅಪ್ಪನ ಮಂಚ ಅಣ್ಣನ ಹೆಂಡತಿಯ ಬಟ್ಟೆ ಒಣಗಿಸಲು ಉಳಿದಿದೆ. ಬಾಗಿಲಲ್ಲಿ ನಿಂತು ಅತ್ತಿಗೆ ಏನು ಅನ್ನಬಹುದೆಂಬುದೂ ಅವಳಿಗೆ ಗೊತ್ತಿತ್ತು.

ಸಂಜೆ ರೇವಣಸಿದ್ದಯ್ಯ ಬಂದ. ಕೈಯಲ್ಲಿ ಜಿಲೇಬಿಯ ಪೊಟ್ಟಣ. ಕಾಲು ತೊಳೆದುಕೊಂಡ, ವಿಭೂತಿ ಹಚ್ಚಿಕೊಂಡ, ಕಂಬಕ್ಕೆ ಆತು ಕುಂತ, ಗಂಟಲು ಸರಿಮಾಡಿಕೊಂಡ.

"ಅಂದ್ರ," ಅಂದ, "ಆ ಗಡಿಯಾರದಾಂವ ನಾನೇ ಏನು?"

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ. ಅವನ ಮುಖದಲ್ಲಿ ಸಿಟ್ಟು ಹುಡುಕಿದಳು. ಇದ್ದದ್ದು ನಾಚಿಕೆ. ಹೊಸ ಅಳಿಯನ ನಾಚಿಕೆ, ಹಿಗ್ಗು.

"ಲಗ್ನದಾಗ ನಿಮ್ಮ ಹಂತ್ಯಾಕ ಗಡಿಯಾರ ಎಲ್ಲಿತ್ತು?" ಅಂದಳು.

"ಅದಿರಲಿ. ಹಾಡಿನಾಗ ನಾ ಇದ್ದೀನಲ್ಲ!" ಅಂದ. "ಭಾಳ ಮಂದಿ ಬಯಸಿದ್ದು ನನ್ನ ಮನಿಯಾಗ ಅದ. ಮೊದಲೇ ಹೇಳಬಾರದೇನು?"

ಹೊಡೆದಿದ್ದರೆ ಚೆನ್ನಿತ್ತು. ಹೊಡೆದವನನ್ನು ಬೈಯಬಹುದು, ಜಿಲೇಬಿ ತಂದವನನ್ನು ಏನೆನ್ನಬೇಕು? ಮರುದಿನದಿಂದ ಅವನು ಲಗ್ನದ ಮೇಲೆ ಕೊಂಡು ಪೆಟ್ಟಿಗೆಯಲ್ಲಿ ಇಟ್ಟಿದ್ದ ಗಡಿಯಾರ ತೆಗೆದು, ಸರಪಳಿಗೆ ಹುಣಿಸೆಹಣ್ಣು ಹಚ್ಚಿ ತಿಕ್ಕಿ, ಕೋಟಿನ ಮೇಲೆ ಕಾಣುವ ಹಾಗೆ ಇಳಿಬಿಟ್ಟು ಕಚೇರಿಗೆ ಹೋಗತೊಡಗಿದ. ಹಾಡಿನಲ್ಲಿ ಗಡಿಯಾರದವನು ಕೇಡಿಗ, ಬೇರೆಯವನ ಎದೆ ಮುರಿದು ಹೆಣ್ಣು ಹಾರಿಸಿಕೊಂಡು ಹೋದವನು, ಕೇಳಿದವರೆಲ್ಲ ಶಾಪ ಹಾಕುವುದು ಅವನಿಗೇ. ಇವನಿಗೆ ಅದು ಕಿವಿಗೇ ಬೀಳಲಿಲ್ಲ. ಒಂದು ವಾರದಲ್ಲಿ ಮಾಲುಕಚೇರಿಗೆಲ್ಲ ಗೊತ್ತಾಯಿತು. ಶರಣಬಸಮ್ಮ ನೀರಿನ ನಳಕ್ಕೆ ಹೋದರೆ ಹಾದಿಯ ಗಂಡಸರು ಬೀಡಿ ಇಳಿಸಿ ನೋಡತೊಡಗಿದರು. ಸ್ಟೇಷನ್ ಮಾಸ್ತರರ ಹೆಂಡತಿ ರತ್ನಾಬಾಯಿ ಅರಿಶಿನ ಕುಂಕುಮಕ್ಕೆಂದು ಕರೆಸಿ, ಕೂಡಿಸಿ, ಅಡಿಯಿಂದ ಮುಡಿಯವರೆಗೆ ಕಣ್ಣಾಡಿಸಿದಳು. ಇವಳ ಬಿಸಿಲಿಗೆ ಕಂದಿದ ಕೆನ್ನೆ, ಒಲೆಯ ಮುಂದೆ ಒರಟಾದ ಕೈ, ಮುಂದಿನ ಹಲ್ಲಿನ ಸಂದು, ಒಂದೊಂದನ್ನೂ ನೋಡಿ, ಇಷ್ಟಕ್ಕೇ ಏನು, ಅನ್ನುವ ಹಾಗೆ ಮೆಲ್ಲಗೆ ನಕ್ಕಳು. "ಆಗ ಭಾಳ ಚೆಂದ ಇದ್ದಿರಬೇಕ್ರಿ ನೀವು" ಅಂದಳು. ಆ ಮಾತಿಗೆ ತನಗೆ ನೋವಾಯಿತೆಂಬುದೇ ಶರಣಬಸಮ್ಮನಿಗೆ ಅಸಹ್ಯವಾಯಿತು. ಮನೆಗೆ ಬಂದು, ಗಂಡನ ಕನ್ನಡಿಯ ಮುಂದೆ ಗಳಿಗೆ ನಿಂತದ್ದು ಅದಕ್ಕಿಂತ ಅಸಹ್ಯವಾಯಿತು.

ಕನ್ನಡಿಯಲ್ಲಿ ಕಂಡದ್ದು ಅಪ್ಪನ ಮೂಗು. ಹಾಡು ಊರಿಗೆ ಮುಟ್ಟಿದ ಮೇಲೆ ಕಾಳಗಿಯ ಸಂತೆಯಲ್ಲಿ ಅಪ್ಪನ ಹಿಂದೆ ಯಾರೋ ಆ ಧಾಟಿಯಲ್ಲಿ ಸೀಟಿ ಹಾಕಿದರಂತೆ. ತಿರುಗಿ ನೋಡಿದರೆ ಎಲ್ಲರೂ ಬದನೆಕಾಯಿ ಆರಿಸುತ್ತಿದ್ದರಂತೆ. ಅಪ್ಪ ಸಂತೆಗೆ ಹೋಗುವುದು ಬಿಟ್ಟ. ಸಾಲಿಯ ಹುಡುಗರು ಮಗ್ಗಿಯನ್ನು ಆ ಧಾಟಿಗೆ ಕೂಡಿಸಿ ಒಪ್ಪಿಸಿದ ದಿನ ಸಾಲಿಯನ್ನೂ ಬಿಟ್ಟ. ಗೌರಿಯ ಬಾಣಂತನಕ್ಕೆ ಅವಳು ಹೋದಾಗ ಮಂಚ ಹಿಡಿದಿದ್ದ. ಕಾಲು ಒತ್ತುತ್ತ ಕುಂತಿದ್ದಳು. ಅಪ್ಪ ಮೇಲಿನ ಜಂತಿ ನೋಡುತ್ತ, "ಒಂದು ಮಾತು ಮೆತ್ತಗ ಅನಬಹುದಿತ್ತಲ್ಲವ್ವಾ" ಅಂದ. ಅವಳ ಕೈ ನಿಂತಿತು. ನಾನು ಅಂದಿಲ್ಲಪ್ಪಾ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಹುಡುಗಿಯ ಮನಸ್ಸು ಕೇಳುತ್ತೇನೆ ಅಂದ ಅಪ್ಪ, ಮಗಳನ್ನು ಕೇಳದೆ ಗ್ರಾಮಫೋನಿನ ಪ್ಲೇಟನ್ನು ನಂಬಿದ ಅಪ್ಪ. ನಂಬಿದರೆ ನಂಬಲಿ ಎಂದು ಹಟ ಹಿಡಿದು ಇನ್ನೊಂದು ಕಾಲು ಒತ್ತಲು ತೆಗೆದುಕೊಂಡಳು. ಮಾಘದಲ್ಲಿ ಅವನನ್ನು ಕೂಡಿಸಿ ವಿಭೂತಿ ಹಚ್ಚಿ ಸಮಾಧಿಗೆ ಒಯ್ದರು. ಗುರುಪಾದಯ್ಯನ ಮೇಲಿನ ತಿರಸ್ಕಾರ ನಾಲಗೆಗೆ ರುಚಿಯಾದ ಖಾರದ ಹಾಗೆ, ದಿನಾ ಚಪ್ಪರಿಸಬಹುದು. ಅಪ್ಪನಿಗೆ ಹೇಳದೆ ಉಳಿದ ಇದು ಹಾಗಲ್ಲ. ಇದಕ್ಕೆ ಅವಳು ಹೆಸರಿಟ್ಟಿರಲಿಲ್ಲ.

"ನಾಟಕದ ಕಂಪನಿ ವಾಡಿಗೆ ಬಂದದ" ಎಂದು ಒಂದು ದಿನ ಗಂಡ ಹೇಳಿದ. "ಗುರುಪಾದಯ್ನೋರಿಗೆ ಆಯಿತವಾರ ಊಟಕ್ಕ ಹೇಳಿ ಬಂದೀನಿ."

"ನಾ ಬಡಸಂಗಿಲ್ಲ."

"ನೀ ಬಡಸಬೇಕು ಅಂತೇ ಕರದೀನಿ" ಅಂದ ರೇವಣಸಿದ್ದಯ್ಯ. "ನಮ್ಮ ಮನಿ ದೊಡ್ಡಸ್ತನ ಕಾಣಬೇಕ ಬ್ಯಾಡ? ಅಂವಗೂ ತಿಳೀಲಿ, ನೀ ಎಲ್ಲಿದ್ದಿ, ಹ್ಯಾಂಗಿದ್ದಿ."

ಆಯಿತವಾರ ಮುಂಜಾನೆಯ ಪ್ಯಾಸೆಂಜರಿಗೆ ತಾನೇ ಹೋಗಿ ಕರೆತಂದ. ಗುರುಪಾದಯ್ಯ ಹಿಂದೆ ತೆಳ್ಳಗಿದ್ದ. ಈಗ ನಾಟಕದ ರಾಜನ ಹೊಟ್ಟೆ ಬಂದಿತ್ತು. ಎಲೆ ತಿಂದು ಕೆಂಪಾದ ಬಾಯಿ, ಕಪ್ಪು ಬಳಿದ ಕ್ರಾಪು. ಅನ್ನ ಸೇರದವನು, ನಿದ್ದೆ ಹತ್ತದವನು! ಜೊತೆಗೆ ತಬಲಾದ ಅಮೀರ್ ಅಲಿ, ಒಣಕಲು ಮುದುಕ, ತಬಲಾ, ಹಾರ್ಮೋನಿಯಂ ಪೇಟಿ ಎರಡನ್ನೂ ಹೊತ್ತುಕೊಂಡು ಬಂದಿದ್ದ. ಗುರುಪಾದಯ್ಯ ಹೊಸ್ತಿಲಲ್ಲಿ ನಿಂತು ಅವಳನ್ನು ನೋಡಿದ. ಕಣ್ಣು ತುಂಬಿಕೊಂಡ. ಆ ಕಣ್ಣೀರು ಎಲ್ಲಿಂದ ಬರುತ್ತದೆಂದು ಅವಳಿಗೆ ಕಂಡಿತು: ಅವನು ಅವಳನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿರುವ ತನ್ನನ್ನು ನೋಡಿಕೊಳ್ಳುತ್ತಿದ್ದ. ಬಾಗಿಲಿಗೆ ಮಂದಿ ನೆರೆದಿತ್ತು, ಕ್ವಾರ್ಟರ್ಸಿನವರು, ಹಮಾಲರು, ನಡುಗೋಡೆಯ ಮೇಲಿಂದ ಮಾಶಾಬಿ. ಹೋಳಿಗೆ, ಕಟ್ಟಿನ ಸಾರು, ಪುಂಡಿಪಲ್ಯ, ಶೇಂಗಾದ ಹಿಂಡಿ ಬಡಿಸಿದಳು. ಅವನು ಉಂಡ. ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ತುಪ್ಪ ಸಾಕು ಎಂದು ಕೈ ಅಡ್ಡ ಮಾಡಿ ಬೆರಳ ಸಂದಿಯಿಂದ ಬಿಟ್ಟುಕೊಂಡ. "ಹೊಟ್ಟಿ ತುಂಬ ಉಣ್ರಿ, ನಾಚಬ್ಯಾಡ್ರಿ" ಎನ್ನುತ್ತ ಗಂಡ ಬೀಸಣಿಗೆ ಬೀಸುತ್ತಿದ್ದ, ಬೀಸಿದಂತೆ ಸರಪಳಿ ಹೊಳೆಯುತ್ತಿತ್ತು.

ಕೈ ತೊಳೆಯಲು ನೀರು ಕೊಟ್ಟಾಗ ಅವಳು ಕೇಳಿದಳು. ದನಿ ತಗ್ಗಿಸಲಿಲ್ಲ.

"ಅಯ್ನೋರ, ಅವತ್ತು ಬಾವಿಕಟ್ಟಿ ಮ್ಯಾಲ ನಾ ನಿಮಗ ಏನಂದಿದ್ದೆ?"

ಅವನು ಕೈ ಜಾಡಿಸಿ, ನೋವಿನ ನಗೆ ನಕ್ಕ. "ಅದನ್ನ ಯಾಕ ಕೇಳತೀರಿ? ಎಲ್ಲಾರಿಗೂ ಗೊತ್ತದಲ್ಲ."

"ಎಲ್ಲಾರಿಗೂ ಗೊತ್ತದ. ನಿಮಗ ಗೊತ್ತದ ಏನು?"

"ನಾಯಿ... ಅಂದ್ರಿ."

"ನೆನಸ್ರಿ."

ಗುರುಪಾದಯ್ಯ ನಿಜವಾಗಿಯೂ ನೆನೆಸಿದ. ಹುಬ್ಬು ಗಂಟಿಕ್ಕಿ, ಅಂಗಳದ ಬಿಸಿಲಿನ ಕಡೆ ನೋಡಿದ. ಅವನು ಸುಳ್ಳು ಹೇಳುತ್ತಿಲ್ಲವೆಂಬುದು ಅವಳಿಗೆ ಆಗ ತಿಳಿಯಿತು, ಹೇಳಿದ್ದರೆ ಪಾಡಿತ್ತು. ಅವನಲ್ಲಿ ಆ ದಿನವೇ ಉಳಿದಿರಲಿಲ್ಲ. ಹಾಡಿ ಹಾಡಿ ತಿಂದು ಮುಗಿಸಿದ್ದ. "ನಾಯಿ ಇತ್ತು ಅಲ್ಲಿ," ಅಂದ ಕಡೆಗೆ, "ಕಟ್ಟಿ ಮ್ಯಾಲ ಒಂದು ಕೆಂದ ನಾಯಿ ಮಲಗಿತ್ತು. ಅದು ನೆನಪದ."

"ನಾ ಹೇಳ್ತೀನಿ ಕೇಳ್ರಿ. 'ನನಗ ಮನಸ್ಸಿಲ್ಲರಿ, ತಪ್ಪ ತಿಳೀಬ್ಯಾಡ್ರಿ' ಅಂದೆ. ನೀವು ಹೂಂ ಅಂದ್ರಿ. ನೀರು ಕುಡದ್ರಿ."

ಅವನು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. ಕಸುಬಿನವನು ಕಸುಬಿನ ಮಾತಾಡುವ ಹಾಗೆ, ಸಮಾಧಾನದಿಂದ ಅಂದ: "ತಪ್ಪ ತಿಳೀಬ್ಯಾಡ್ರಿ ಅಂತ ಹಾಡಿದ್ರ ಯಾರು ಅಳತಾರವ್ವಾ?"

ಗಂಡ ನಡುವೆ ಬಂದ. "ಏ, ಊಟಕ್ಕ ಕರದವರ ಮುಂದ ಇದೇನು? ಅಯ್ನೋರ, ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ. ಪೇಟಿ ತಗೀರಿ. ಇಷ್ಟು ಮಂದಿ ಕಾಯಲಿಕತ್ತಾರ, ಒಂದು ಸಲ ಹಾಡಿಬಿಡ್ರಿ. ಇಕಿ ಮುಂದೇ ಹಾಡ್ರಿ."

ಪೇಟಿ ತೆರೆಯಿತು. ಅಮೀರ್ ಅಲಿ ತಬಲಾಕ್ಕೆ ಎರಡು ಏಟು ಕೊಟ್ಟ. ಶರಣಬಸಮ್ಮ ಒಳಗೆ ಹೋಗಬೇಕಿತ್ತು. ಎಲ್ಲರೂ ಅದಕ್ಕೇ ದಾರಿ ಬಿಟ್ಟರು. ಅವಳು ಬಂದು ಪೇಟಿಯ ಎದುರಿಗೆ ಜಮಖಾನದ ಮೇಲೆ ಕುಂತಳು, ಗಂಡಸರ ಸಾಲಿನಲ್ಲಿ, ಸೆರಗು ಹೊದ್ದು. ಗಂಡ ಕಣ್ಣು ಬಿಟ್ಟ. ಅವಳು ಅವನ ಕಡೆ ನೋಡಲಿಲ್ಲ.

ಗುರುಪಾದಯ್ಯ ಕಣ್ಣು ಮುಚ್ಚಿ ಎತ್ತಿದ. ದನಿ ಇನ್ನೂ ಚೆನ್ನಿತ್ತು, ಅದೊಂದನ್ನು ಒಪ್ಪಬೇಕು. ಕಾಗಿಣಾ ಹರಿಯಿತು, ಕಲ್ಲು ಸವೆಯಿತು, ಬಾಗಿಲಲ್ಲಿ ಯಾರೋ ನಿಟ್ಟುಸಿರು ಬಿಟ್ಟರು, ಗಂಡನ ಗಲ್ಲ ಒದ್ದೆಯಾಗತೊಡಗಿತು. 'ಬಾವಿಕಟ್ಟಿ ಮ್ಯಾಲ ನಾಯಿ ಅಂದಿ...'

"ಅಂದಿಲ್ಲ" ಅಂದಳು ಶರಣಬಸಮ್ಮ.

ಸಿಟ್ಟಿನಿಂದಲ್ಲ, ಉಪ್ಪು ಹಾಕಿದೆಯಾ ಅಂದರೆ ಹಾಕಿಲ್ಲ ಅನ್ನುವ ಹಾಗೆ. ತಬಲಾ ಒಂದು ಪೆಟ್ಟು ತಪ್ಪಿತು. ಗುರುಪಾದಯ್ಯ ಕಣ್ಣು ತೆರೆದು, ಮತ್ತೆ ಮುಚ್ಚಿ, ಅದೇ ಸಾಲನ್ನು ಇನ್ನಷ್ಟು ಎತ್ತರಕ್ಕೆ ಒಯ್ದ. 'ನಾಯಿ ಅಂದಿ...'

"ಅಂದಿಲ್ಲ."

ಬಾಗಿಲಲ್ಲಿ ಹಮಾಲನೊಬ್ಬ ಕಿಸಕ್ಕನೆ ನಕ್ಕ. ಮಾಶಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. "ಶರಣೀ!" ಅಂದ ಗಂಡ. ಗಾಯಕ ಮೊದಲಿನಿಂದ ಶುರು ಮಾಡಿದ, ಆ ಸಾಲಿಗೆ ಬರುವ ಮೊದಲೇ ಅವನ ಕಣ್ಣು ತಾನಾಗಿ ಅವಳ ಬಾಯಿಯ ಮೇಲೆ ಹೋಯಿತು, ದನಿ ಒಡೆಯಿತು. ಅವಳು "ಅಂದಿಲ್ಲ" ಅಂದಳು. ಈ ಸಲ ಅವಳು ಅದನ್ನು ಹೇಳುತ್ತಿದ್ದದ್ದು ಪೇಟಿಯ ಮುಂದೆ ಕುಂತವನಿಗಲ್ಲ. ಒಂದು ಕಾಲು ಬಿಟ್ಟು ಇನ್ನೊಂದು ಕಾಲು ತೆಗೆದುಕೊಳ್ಳುವ ಮೊದಲು, ಜಂತಿ ನೋಡುತ್ತ ಮಲಗಿದ್ದ ಅಪ್ಪನಿಗೆ. ಅಮೀರ್ ಅಲಿ ತಬಲಾದ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಬಸ್ ಮಾಡ್ರಿ ಅಯ್ನೋರ," ಅಂದ, "ತಾಳ ಕೂಡವಲ್ದು."

"ಗಂಟಲು ಸರಿ ಇಲ್ಲ ಇವತ್ತು" ಎಂದು ಗುರುಪಾದಯ್ಯ ಪೇಟಿ ಮುಚ್ಚಿದ. ಎಲೆ ಅಡಿಕೆಗೂ ನಿಲ್ಲಲಿಲ್ಲ.

ರೇವಣಸಿದ್ದಯ್ಯ ಮುಂದಿನ ಹಬ್ಬ ಬಂದು ಹೋಗುವ ತನಕ ಹೆಂಡತಿಯ ಜೊತೆ ಮಾತಾಡಲಿಲ್ಲ. ಬೇಕಾದದ್ದನ್ನು ಗೌರಿಗೆ ಹೇಳುತ್ತಿದ್ದ: "ನಿಮ್ಮವ್ವಗ ಹೇಳು, ನೀರು ಕೊಡು ಅಂತ." ಕೊಟ್ಟರೆ ಕುಡಿಯುತ್ತಿದ್ದ. ಹಾಡು ನಿಂತಿತೇ? ನಿಲ್ಲುತ್ತದೆಯೇ ಎಲ್ಲಾದರೂ! ವಾಡಿಯಲ್ಲಿ ಮುಂದಿನ ಆಟಕ್ಕೆ ಹೋಗಿ ಬಂದ ಅಬ್ದುಲ್ ಗನಿ ಗೋಡೆಯ ಆ ಕಡೆಯಿಂದ ಸುದ್ದಿ ಹೇಳಿದ. ಗುರುಪಾದಯ್ಯ ಎದೆ ಹಿಡಿದುಕೊಂಡು 'ನಾಯಿ ಅಂದಿ' ಅಂದ ಕೂಡಲೆ ಹಿಂದಿನಿಂದ ಯಾವನೋ "ಅಂದಿಲ್ಲ!" ಎಂದು ಕೂಗಿದನಂತೆ, ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತಂತೆ. ಚಿತ್ತಾಪುರದಲ್ಲೂ ಹಾಗೇ ಆಯಿತು. ಗುರುಪಾದಯ್ಯ ಜಾಣ, ಸೇಡಮ್ಮಿಗೆ ಹೋಗುವಷ್ಟರಲ್ಲಿ ತಾನೇ ಅಲ್ಲಿ ನಿಲ್ಲಿಸಿ, ಕಿವಿಗೆ ಕೈ ಹಚ್ಚಿ ಜನರ ಕಡೆ ಬಾಗುತ್ತಿದ್ದನಂತೆ, ಜನ ಒಕ್ಕೊರಲಿಂದ ಕೂಗುತ್ತಿದ್ದರಂತೆ. ಅಳುವ ಹಾಡು ನಗುವ ಹಾಡಾಯಿತು, ಚಪ್ಪಾಳೆ ಮೊದಲಿಗಿಂತ ಹೆಚ್ಚು ಬಿತ್ತು. ಕೇಳಿ ಶರಣಬಸಮ್ಮನಿಗೆ ಮೈ ಉರಿಯಿತು. ಜೀವ ಒತ್ತಿ ಇಟ್ಟು ಆಡಿದ ಒಂದು ಮಾತು, ಅದನ್ನೂ ಬಿಡಲಿಲ್ಲ. ಬಾಯಿ ತೆರೆದು ನುಂಗಿ ತೇಗಿದರು.

ಮಳೆಗಾಲಕ್ಕೆ ಮುಂಚೆ ಒಂದು ಮುಂಜಾನೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಿತ್ತಲ ಬೇಲಿಯ ಆಚೆಗೆ ರೈಲಿಗೆ ಸರಕು ಏರಿಸುವ ಮಾಲುಧಕ್ಕೆ. ಹಮಾಲರು ವ್ಯಾಗನ್ನಿಗೆ ಫರಸಿ ಏರಿಸುತ್ತಿದ್ದರು, ಮನುಷ್ಯನಷ್ಟು ಉದ್ದದ ಹಾಸುಗಲ್ಲು, ನಾಲ್ಕು ಮಂದಿ ಸುತ್ತ ಬಾಗಿ ಬೆರಳು ತೂರಿಸಿ ನಿಂತಿದ್ದರು. ಒಬ್ಬ ಎಳೆದು ಅಂದ: "ನಾಯಿ ಅಂದೀ..." ಉಳಿದವರು ಉಸಿರು ಬಿಗಿಹಿಡಿದರು. "ಅಂದಿಲ್ಲ!" ಕಲ್ಲು ಎದ್ದಿತು. ಎದೆಯ ಮಟ್ಟಕ್ಕೆ ಬಂದು ತುಸು ತೂಗಾಡಿತು. "ಬಾವಿಕಟ್ಟಿ ಮ್ಯಾಲ..." "ಅಂದಿಲ್ಲ!" ವ್ಯಾಗನ್ನಿನೊಳಗೆ ಜಾರಿ ಕೂತಿತು. ಯಾರು ಅಂದಿಲ್ಲ, ಏನು ಅಂದಿಲ್ಲ, ಅವರಿಗೆ ಅದರ ಗೊಡವೆ ಇರಲಿಲ್ಲ. ಬೆವರು ಒರೆಸಿಕೊಂಡು ಮುಂದಿನ ಕಲ್ಲಿಗೆ ಬಾಗಿದರು. ಮಾಲುಕಚೇರಿಯ ಬಾಗಿಲಲ್ಲಿ ರೇವಣಸಿದ್ದಯ್ಯ ನಿಂತಿದ್ದ. ಹೆಂಡತಿಯನ್ನು ಕಂಡು, ಮುಖ ತಿರುಗಿಸಿ ಒಳಗೆ ಹೋದ.

ಕೈಯಲ್ಲಿನ ಹಸಿ ಸೀರೆಯಿಂದ ನೀರು ಪಾದದ ಮೇಲೆ ಸುರಿಯುತ್ತಿತ್ತು. ಆ ವ್ಯಾಗನ್ನು ತುಂಬುವ ತನಕ ಶರಣಬಸಮ್ಮ ಅಲ್ಲೇ ನಿಂತು ಕೇಳಿದಳು.